ನಾಟಕದಲ್ಲಿ ಇಲ್ಲದ ಮಾತು

ಸಿಂಧೂ, ಆ ಕಾಗದದಲ್ಲಿದ್ದ ಮಾತುಗಳು ನನ್ನವು. ಒಂದಕ್ಷರವೂ ನಿನ್ನದಲ್ಲ. ನಾನು ಹೇಳಿದೆ, ನೀನು ಬರೆದುಕೊಂಡೆ — ಅಷ್ಟೇ. ಅವತ್ತು ಎಲ್ಲರೆದುರು ಇಷ್ಟನ್ನು ಹೇಳಿದ್ದರೆ ಸಾಕಿತ್ತು. ನಾನು ಸುಳ್ಳು ಹೇಳಿದೆ. ಏಳು ವರ್ಷವಾಯಿತು.

ನಿನಗೆ ಕನ್ನಡ ಓದಲು ಬಾರದೆಂದು ಗೊತ್ತಿದ್ದೂ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮರಾಠಿಯಲ್ಲಿ ಬರೆದರೆ ಟಪಾಲಿಗೆ ಹಾಕಿ ಮನೆಯಲ್ಲಿ ಕೂತುಬಿಡುತ್ತೇನೆ. ನನ್ನ ಹೇಡಿತನ ನನಗೆ ಚೆನ್ನಾಗಿ ಗೊತ್ತು. ಇದನ್ನು ಕಾಮಠಿಗೆ ತಂದು, ನಿನ್ನೆದುರು ಕೂತು, ನನ್ನ ಬಾಯಿಂದಲೇ ಓದುತ್ತೇನೆ. ಪಕ್ಕದಲ್ಲಿ ನಿನ್ನ ಮಗಳು ಇರುತ್ತಾಳೆ. ಅವಳಿಗಾಗಿ ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ, ಬೇಸರಪಡಬೇಡ.

ನಾಗಪುರ ಆಗಿನ್ನೂ ರಾಜಧಾನಿ. ಧಂತೋಲಿಯ ಒಂದೇ ವಠಾರದಲ್ಲಿ ಗೋಡೆಗೆ ಗೋಡೆ ಹತ್ತಿದ ನಮ್ಮ ಮನೆಗಳು. ನಿನ್ನ ಗಂಡ ಶ್ರೀಪಾದರಾಯರು ರೈಲ್ವೆಯಲ್ಲಿ, ನಮ್ಮವರು ಸರ್ಕಾರಿ ಕಚೇರಿಯಲ್ಲಿ. ಇಬ್ಬರೂ ಧಾರವಾಡದ ಕಡೆಯವರು. ನೀನು ಮಾತ್ರ ಈ ಊರಲ್ಲೇ ಹುಟ್ಟಿ ಬೆಳೆದವಳು. ಮಾತು ಕನ್ನಡ, ಓದು ಬರಹವೆಲ್ಲ ಮರಾಠಿ. ಸ್ವಂತ ಅತ್ತಿಗೆಯೆಂಬಂತೆ ನನ್ನನ್ನು ವೈನಿ ಎನ್ನುತ್ತಿದ್ದೆ. ದಿನಕ್ಕೆ ಹತ್ತು ಸಲ ಬಾಗಿಲಲ್ಲಿ ನಿಂತು ವೈನಿ, ವೈನಿ — ನನಗೂ ಅದು ಬೇಕಾಗಿತ್ತು.

ಆ ವರ್ಷ ದಸರೆಗೆ ಕನ್ನಡದವರೆಲ್ಲ ಸೇರಿ ನಾಟಕ ಆಡುವುದೆಂದಾಯಿತು. ಬರೆದವರು ನಮ್ಮವರು. ರಾಜ ರಾಣಿ ಇಲ್ಲ, ಹಾಡಿಲ್ಲ. ಪರದೆ ಎದ್ದರೆ ನಮ್ಮ ನಿಮ್ಮಂಥವರ ಅಡುಗೆಮನೆ. ಓದಿದ ಹೆಂಡತಿ, ಸಂಶಯದ ಗಂಡ. ತಪ್ಪೆಲ್ಲ ಗಂಡನದು, ಕೊನೆಗೆ ಅವನ ಕಾಲ ಬಳಿ ಬಿದ್ದು ಸಾಯುವವಳು ಹೆಂಡತಿ. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು, ಕಾಲ ಬದಲಾಗಿದೆ ಎಂದು ಎಲ್ಲರಿಗಿಂತ ಮೊದಲು ಹೇಳಿ ನಿನ್ನನ್ನು ಕಳಿಸಿದವರು ಶ್ರೀಪಾದರಾಯರೇ.

ಆ ಹೆಂಡತಿಯ ಮಾತುಗಳಲ್ಲಿ ಅರ್ಧದಷ್ಟು ನನ್ನವು. ಊಟಕ್ಕೆ ಕೂತಾಗ ನಮ್ಮವರು ಕೇಳುತ್ತಿದ್ದರು — "ಹಿಂಥಾ ಹೊತ್ತಿನ್ಯಾಗ ಹೆಂಗಸು ಏನಂತಾಳ?" ನಾನು ಹೇಳುತ್ತಿದ್ದೆ, ಅವರು ಕೈತೊಳೆದು ಬರೆದುಕೊಳ್ಳುತ್ತಿದ್ದರು. ಹೆಸರು ಅವರದು. ಅದರ ಬಗ್ಗೆ ನನಗೆ ದುಃಖವಿರಲಿಲ್ಲ, ಒಳಗೊಳಗೇ ಜಂಬವಿತ್ತು. ಒಂದು ಸಲ ಮಾತ್ರ ಕೇಳಿದೆ, ಆಕೆ ಸಾಯುವುದೇಕೆ ಎಂದು. "ದುರಂತ ಅಂದಮ್ಯಾಲೆ ಯಾರರೆ ಸಾಯಬೇಕಲ್ಲ?" ಎಂದರು. ಗಂಡ ಸತ್ತರಾಗದೇ ಎಂದು ಕೇಳಬೇಕೆಂದುಕೊಂಡೆ. ಕೇಳದೆ ಅವರ ತಾಟಿಗೆ ಸಾರು ಬಡಿಸಿದೆ.

ಆದರೆ ಮನಸ್ಸು ಸುಮ್ಮನಿರಲಿಲ್ಲ. ಇನ್ನೊಂದು ಕೊನೆ ಕಟ್ಟಿದೆ. ಆಕೆ ಸಾಯುವುದಿಲ್ಲ, ನೆಟ್ಟಗೆ ನಿಂತು ನಾಲ್ಕು ಮಾತಾಡಿ ಹೊರಡುತ್ತಾಳೆ. ನಿನಗೆ ಹೇಳಿದಾಗ ನೀನು ಕುಣಿದಾಡಿಬಿಟ್ಟೆ. "ಛಲೋ ಆತು ವೈನಿ! ಬಿದ್ದು ಸಾಯೋ ಮುಂದ ನನಗ ನಗು ಬರ್ತದ." ನಾಟಕದ ದಿನ ಯಾರಿಗೂ ತಿಳಿಸದೆ ನನ್ನ ಮಾತು ಆಡಿಬಿಡುವುದೆಂದು ನಮ್ಮಿಬ್ಬರ ಗುಟ್ಟು. ನಾನು ಹೇಳುತ್ತ ಹೋದೆ, ನೀನು ಮರಾಠಿ ಅಕ್ಷರದಲ್ಲಿ ಬರೆದುಕೊಂಡೆ. ಪಾತ್ರದ ಹಾಳೆಯ ಮೇಲೆ ಪಾತ್ರದ ಹೆಸರು, ಹಿಂದಿನವರು ಆಡುವ ಕೊನೆಯ ಮಾತು ಬರೆದುಕೊಳ್ಳುವುದು ಪದ್ಧತಿ. ನೀನು ಬರೆಯಲು ಹೊರಟೆ — ನಾನೇ ಬೇಡವೆಂದೆ. ಯಾರಾದರೂ ನೋಡಿದರೆ ನಾಟಕದ್ದೆಂದು ತಿಳಿದೀತು ಎಂದೆ! ನನ್ನ ಜಾಣತನ ನೋಡು.

"ಇಷ್ಟು ವರ್ಷ ನಿಮಗೆ ಬಡಿಸಿದೆ. ನಾನು ಉಂಡೆನೋ ಇಲ್ಲವೋ ಎಂದು ನೀವು ಒಂದು ದಿನವೂ ಕೇಳಲಿಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಇನ್ನು ಈ ಮನೆಯಲ್ಲಿ ಇರಲಾರೆ. ನನ್ನನ್ನು ಹುಡುಕಬೇಡಿ." ಇಷ್ಟೇ ಇತ್ತು ಅದರಲ್ಲಿ. ಬರೆಯುವಾಗ ನಿನ್ನ ಕಣ್ಣು ಒದ್ದೆಯಾಗಿತ್ತು. ಎಷ್ಟು ಚಂದ ಹೊಳೆದದ್ದು ನಿಮಗೆ ಎಂದೆ. ಹೊಳೆದದ್ದಲ್ಲ, ಸಿಂಧೂ.

ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲಿ ತಾಲೀಮು. ಹತ್ತು ಹನ್ನೆರಡು ಜನ. ಶ್ರೀಪಾದರಾಯರು ಚಪ್ಪಲಿ ಸಹ ಬಿಡದೆ ಒಳಗೆ ಬಂದರು. ನಿನ್ನ ಹಾಸಿಗೆಯ ಕೆಳಗೆ ಆ ಕಾಗದ ಅವರ ತಾಯಿಗೆ ಸಿಕ್ಕಿತ್ತಂತೆ. ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಕೇಳಿದರು, "ಯಾರ ಜೋಡಿ ಹೊಂಟೀದಿ?"

ನೀನು ನಕ್ಕೆ. ನನಗೆ ಇವತ್ತಿಗೂ ತಡೆಯಲಾಗದಿರುವುದು ಅದೇ — ನಿನಗೆ ಹೆದರಿಕೆಯೇ ಆಗಲಿಲ್ಲ. "ಅಯ್ಯ, ಅದು ನಾಟಕದ ಮಾತರೀ! ವೈನೀನ ಬರಿಸ್ಯಾರ, ಕೇಳ್ರಿ ಬೇಕಾದ್ರ."

ಮಂಡಳಿಯ ಹಿರಿಯರು, ನಾವೆಲ್ಲ ಕಾಕಾ ಎನ್ನುತ್ತಿದ್ದವರು, ನಾಟಕದ ಪ್ರತಿ ತೆಗೆದು ಮೂರನೆಯ ಅಂಕವನ್ನು ತಿರುವಿ ತಿರುವಿ ನೋಡಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮವರೂ ತಿರುಗಿದರು. ಆ ಮಾತುಗಳು ನನ್ನವೆಂದರೆ — ಹನ್ನೊಂದು ವರ್ಷ ಅವರಿಗೆ ಬಡಿಸಿದವಳು ನಾನು. ಬಿಟ್ಟು ಹೋಗಬೇಕೆಂದು ಎಷ್ಟೋ ದಿನ ಅನ್ನಿಸಿದ್ದು ನನಗೆ. ಅದು ಹತ್ತು ಜನರೆದುರು ಬಯಲಾಗುತ್ತದೆ. ನನ್ನ ಮನೆ ಹೋಗುತ್ತದೆ. ಅಷ್ಟನ್ನೂ ಲೆಕ್ಕ ಹಾಕಿದೆ. ಗಾಬರಿಯಲ್ಲಿ ಬಾಯಿ ತಪ್ಪಿದ್ದಲ್ಲ.

"ನಾಟಕದಾಗ ಹಿಂಥಾ ಮಾತಿಲ್ಲ" ಎಂದೆ.

ನಿನ್ನ ನಗು ತಕ್ಷಣ ಹೋಗಲಿಲ್ಲ. ನಾನು ಚೇಷ್ಟೆ ಮಾಡುತ್ತಿದ್ದೇನೆಂದು ಅಂದುಕೊಂಡೆಯೇನೋ. ಇನ್ನೊಂದು ಮಾತಿಗಾಗಿ ಕಾದೆ. ನಾನು ಸೆರಗು ಸರಿ ಮಾಡಿಕೊಂಡು ಚಹಾ ಮಾಡುವ ನೆವದಲ್ಲಿ ಒಳಗೆ ಹೋದೆ.

ಅದೇ ವಾರ ನಿನ್ನ ಅಣ್ಣ ಬಂದು ಕಾಮಠಿಗೆ ಕರೆದುಕೊಂಡು ಹೋದ. ಮೂರು ವರ್ಷದ ಕೂಸನ್ನು ನಿನ್ನ ಅತ್ತೆ ಕೊಡಲಿಲ್ಲ. ನಾಲ್ಕು ದಿನ ಕಳೆದರೆ ಸಿಟ್ಟು ಇಳಿಯುತ್ತದೆ, ನಾಟಕ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ನಾಟಕವಾಯಿತು. ಕಚೇರಿಯ ಗುಮಾಸ್ತನೊಬ್ಬ ಮೀಸೆ ಬೋಳಿಸಿ ನಿನ್ನ ಪಾತ್ರ ಮಾಡಿ, ಗಂಡನ ಕಾಲ ಬಳಿ ಬಿದ್ದು ಸತ್ತ. ಜನ ಬಿಕ್ಕಿ ಬಿಕ್ಕಿ ಅತ್ತರು. ಮುಂದಿನ ಸಾಲಿನಲ್ಲಿ ಶ್ರೀಪಾದರಾಯರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು — ಆ ಹೆಂಡತಿಗಾಗಿ! ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಆಮೇಲೆ ನೀನು ಎರಡು ಸಲ ಮಗುವನ್ನು ನೋಡಲು ಬಂದೆ. ಎರಡು ಸಲವೂ ನಿನ್ನ ಅತ್ತೆ ಹೊಸ್ತಿಲಿಂದಲೇ ಕಳಿಸಿದರು. ನೀನು ನಮ್ಮ ಕಿಟಕಿಯ ಕಡೆ ನೋಡಿದೆ. ನಾನು ಒಳಗಿದ್ದೆ. ಕಿಟಕಿ ಮುಚ್ಚಿದೆ.

ಹೀಗೇ ಸಾಯುವವರೆಗೂ ಇದ್ದುಬಿಡುತ್ತಿದ್ದೆನೋ ಏನೋ. ನಿನ್ನೆ ಬೆಳಗ್ಗೆ ಎಂದಿನಂತೆ ನಿನ್ನ ಮಗಳು ಸುಧೆಗೆ ಜಡೆ ಹಾಕುತ್ತಿದ್ದೆ. ಶಾಲೆಗೆ ನಿಬಂಧ ಬರೆಯಲು ಹೇಳಿದ್ದರಂತೆ. ಬಾಗಿಲು ಮುಚ್ಚಿಕೊಂಡು ಕೂತು ಬರೆದಳೆಂದು ಅಜ್ಜಿ ಹಾಳೆ ಕಿತ್ತುಕೊಂಡು, ನೀನೂ ತಾಯಿಯ ಹಾದಿ ಹಿಡಿದೆಯಾ ಎಂದಿದ್ದಾರೆ. ಹುಡುಗಿ ಅಳಲೂ ಇಲ್ಲ. "ಮಾವಶಿ, ಅಜ್ಜಿಗೆ ಜರಾ ಸಾಂಗಾ ನಾ, ನೀವರೆ ಹೇಳ್ರಿ. ನಾ ದೊಡ್ಡಾಕಿ ಆದ್ರೂ ಚಿಟ್ಠಿ ಬರದಿಟ್ಟು ಹೋಗಂಗಿಲ್ಲ, ಖರೇನಽ" ಎಂದಳು. ನನ್ನ ಕೈಯಲ್ಲಿ ಅವಳ ಕೂದಲಿತ್ತು. ಮೂರು ಎಳೆ ಹೆಣೆಯುವುದು ಹೇಗೆಂದು ಮರೆತುಹೋಯಿತು. ಹತ್ತು ವರ್ಷದ ಮಗು, ಬರೆಯುವುದಕ್ಕೆ ಹೆದರುತ್ತಾಳೆ.

ನಮ್ಮವರಿಗೆ ಹೇಳಿದೆ. ಕೂಗಾಡುತ್ತಾರೆ, ಮನೆಯಿಂದ ಹೊರಗೆ ಹಾಕುತ್ತಾರೆ — ಏಳು ವರ್ಷ ಹೆದರಿದ್ದು ಅದಕ್ಕೇ. ಅವರು ಪತ್ರಿಕೆ ಮಡಚಿ, "ಅವತ್ತೇ ಗೊತ್ತಾಗಿತ್ತು. ನಿನ್ನ ಮಾತಿನ ಧಾಟಿ ನನಗ ತಿಳಿಯಂಗಿಲ್ಲೇನು?" ಎಂದರು. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದೆ. "ನಾಟಕ ಎಂಟು ದಿವಸಕ್ಕ ಬಂದಿತ್ತಲ್ಲ" ಎಂದರು.

ಅವರಿಗೆ ಗೊತ್ತಿತ್ತೆಂದು ನನ್ನ ತಪ್ಪು ಅರ್ಧವಾಗುವುದಿಲ್ಲ. ನಿನ್ನ ನಂಬಿಕೆ ಇದ್ದದ್ದು ನನ್ನ ಮೇಲೆ.

ನಿನ್ನೆ ಮಧ್ಯಾಹ್ನವೇ ಹೋಗಿ ಶ್ರೀಪಾದರಾಯರಿಗೂ ಅವರ ತಾಯಿಗೂ ಹೇಳಿದೆ. ರಾಯರು ಗೋಡೆ ಹಿಡಿದು ಕೆಳಗೆ ಕೂತರು. ಸುಧೆಯನ್ನು ಕಾಮಠಿಗೆ ಕರೆದೊಯ್ಯುತ್ತೇನೆಂದಾಗ ತಲೆಯಾಡಿಸಿದರು.

ಕ್ಷಮಿಸೆಂದು ಕೇಳುವುದಿಲ್ಲ. ಬೈದರೆ ಕೇಳಿಸಿಕೊಳ್ಳುತ್ತೇನೆ, ಹೊರಗೆ ನಿಲ್ಲೆಂದರೆ ನಿಲ್ಲುತ್ತೇನೆ. ಒಂದೇ ವಿನಂತಿ, ಅದೂ ಮಗುವಿಗಾಗಿ. ಅವ್ವ ಎಂಬ ಮಾತನ್ನು ಅವಳು ಏಳು ವರ್ಷದಿಂದ ಯಾರಿಗೂ ಆಡಿಲ್ಲ. ನಿನ್ನನ್ನು ನೋಡಿದೊಡನೆ ಅದು ಬಾಯಿಗೆ ಬಾರದಿದ್ದರೆ ನೊಂದುಕೊಳ್ಳಬೇಡ, ಸಿಂಧೂ. ಸ್ವಲ್ಪ ಕಾಯಿ.