ನನ್ನ ತಲೆಯ ಮೇಲಿನ ಆಣೆ

ನಮ್ಮ ಓಣಿಯಲ್ಲಿ ಯಾರಿಗೆ ಏನೇ ಆದರೂ ನನ್ನ ಹತ್ತಿರ ಬರುತ್ತಿದ್ದರು. ಸೊಸೆ ಮುನಿಸಿಕೊಂಡರೆ, ಮಗ ಶಾಲೆ ತಪ್ಪಿಸಿದರೆ, ಗಂಡ ಕುಡಿದು ಬಂದರೆ. ನನ್ನಲ್ಲಿದ್ದ ಔಷಧ ಒಂದೇ, ಆಣೆ. ತಪ್ಪು ಮಾಡಿದವರ ಕೈ ಹಿಡಿದು ಮನೆಯ ಹಿರಿಯರ ತಲೆಯ ಮೇಲೆ ಇಡಿಸಿ, ಇನ್ನೊಮ್ಮೆ ಮಾಡಿದರೆ ಇವರು ಸಾಯಲಿ ಎಂದು ಹೇಳಿಸುವುದು. ಇದು ಕೆಲಸಕ್ಕೆ ಬಾರದ್ದು ಎಂದು ಮೊದಲು ಗೊತ್ತಾಗಬೇಕಾಗಿದ್ದದ್ದು ನನಗೇ. ನನ್ನ ಗಂಡ ನನ್ನ ತಲೆ ಮುಟ್ಟಿ ಎಂಟು ಸಲ ಕುಡಿತ ಬಿಟ್ಟಿದ್ದ. ಎಂಟು ಸಲವೂ ಮತ್ತೆ ಕುಡಿದ. ಅವನು ಹೋಗಿ ಎಷ್ಟೋ ವರ್ಷವಾಯಿತು, ನಾನು ಇನ್ನೂ ಸೇಡಂನಲ್ಲಿ ಕೂತು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದೇನೆ. ಇಷ್ಟಾದ ಮೇಲೂ ಆಣೆ ಸುಳ್ಳು ಅನ್ನಿಸಲಿಲ್ಲ. ನನ್ನ ತಲೆಯೇ ಗಟ್ಟಿ ಎಂದುಕೊಂಡೆ. ಅದು ಮಾತ್ರ ನಿಜ, ಬೇರೆ ಅರ್ಥದಲ್ಲಿ.

ಮಗಳನ್ನು ವಾಡಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದೇನೆ. ಅವಳ ಮಗಳು ಡಿಗ್ರಿ ಓದುವುದಕ್ಕೆಂದು ನನ್ನ ಮನೆಗೆ ಬಂದಳು. ಮಾತು ಕಡಿಮೆ. ನನಗೆ ಅದೇ ಬೇಕಿತ್ತು, ನಾನು ಮಾತಾಡುವಾಗ ನಡುವೆ ಬಾಯಿ ಹಾಕುವವರನ್ನು ಕಂಡರೆ ನನಗಾಗುವುದಿಲ್ಲ. ಒಂದು ಭಾನುವಾರ ಅವಳ ತಲೆಗೆ ನೀರು ಹಾಕುವಾಗ ತೋಳಿನ ಮೇಲೆ ಗಾಯದ ಗುರುತುಗಳು ಕಂಡವು. ಕೆಲವು ಹಳೆಯವು, ಕೆಲವು ಹೊಸವು.

"ಇದೇನಲೇ?"

"ಬೆಕ್ಕ ಪರಚ್ಯಾದ ಆಯಿ."

"ಯಾರ ಬೆಕ್ಕ? ನಮ್ಮ ಓಣ್ಯಾಗ ಇರೋದು ಒಂದ ಮುದಿ ಬೆಕ್ಕ. ಅದಕ್ಕ ಎದ್ದು ನಿಂದ್ರಾಕ ಶಕ್ತಿ ಇಲ್ಲ."

ಅವಳು ನಗಲಿಲ್ಲ. ಕಣ್ಣಿಗೆ ಇಳಿಯುತ್ತಿದ್ದ ಸೀಗೆಕಾಯಿ ನೀರನ್ನೂ ಒರೆಸಿಕೊಳ್ಳಲಿಲ್ಲ. "ನಾನೇ ಮಾಡ್ಕೊಂಡೀನಿ" ಎಂದಳು.

ಆಮೇಲೆ ನಾನು ಮಾಡಿದ್ದನ್ನು ಹೇಳುವುದಕ್ಕೆ ಈಗ ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಚೊಂಬು ಕೆಳಗಿಟ್ಟು ಪೊಲೀಸರ ಹಾಗೆ ವಿಚಾರಣೆ ಶುರು ಮಾಡಿದೆ.

"ಯಾವ ಹುಡುಗ?"

"ಯಾವ ಹುಡುಗನೂ ಇಲ್ಲ."

"ಮತ್ತ ಉಣ್ಣಾಕ ಇಲ್ಲೇನು, ಉಡಾಕ ಇಲ್ಲೇನು? ಏನ್ ಕಮ್ಮಿ ಆಗ್ಯಾದ ನಿನಗ? ನಿನ್ನ ವಯಸ್ಸಿನಾಗ ನಾ ಎರಡ ಹಡದಿದ್ದೆ!"

ಎರಡು ಹಡೆಯುವುದು ಇದಕ್ಕೆ ಮದ್ದು ಎಂದು ನನಗೆ ಯಾರು ಹೇಳಿದ್ದರೋ. ಹುಡುಗಿ ಒದ್ದೆ ಕೂದಲಲ್ಲಿ ನಡುಗುತ್ತಿತ್ತು. ನಾನು ಟವೆಲ್ ಕೊಡಲಿಲ್ಲ, ಅವಳ ಕೈ ಎಳೆದು ನನ್ನ ತಲೆಯ ಮೇಲೆ ಇಟ್ಟುಕೊಂಡೆ.

"ಅನ್ನು. ಇನ್ನೊಮ್ಮಿ ಮಾಡ್ಕೊಂಡ್ರ ನಮ್ಮ ಆಯಿ ಸಾಯ್ತಾಳ ಅನ್ನು."

"ಬ್ಯಾಡ ಆಯಿ."

"ಅಂತಿಯೋ, ನಿಮ್ಮವ್ವಗ ಫೋನ್ ಹಚ್ಚಲೋ?"

ಅಂದಳು. ಅವತ್ತು ನಾನು ಹೊಟ್ಟೆ ತುಂಬ ಉಂಡೆ. ದೊಡ್ಡ ದವಾಖಾನೆಯವರಿಂದಲೂ ಆಗದ್ದನ್ನು ಒಂದು ಚೊಂಬು ನೀರು ಆರುವುದರೊಳಗೆ ಮಾಡಿದೆ ಎಂಬ ಸೊಕ್ಕು.

ಆಣೆಯಾದ ಮೇಲೆ ಹುಡುಗಿಗೆ ನನ್ನ ಮೇಲೆ ಪ್ರೀತಿ ಹೆಚ್ಚಾಯಿತು. ಬೆಳಿಗ್ಗೆ ಎದ್ದ ಕೂಡಲೇ ನನ್ನ ಪಾದ ಮುಟ್ಟಿ ನೋಡುತ್ತಿದ್ದಳು. "ಆರಾಮ ಇದ್ದಿಯಿಲ್ಲ ಆಯಿ?" ಎಂದು ಕೇಳಿದ ಮೇಲೆಯೇ ಮುಖ ತೊಳೆಯುತ್ತಿದ್ದಳು. ನಾನು ಕೆಮ್ಮಿದರೆ ಪುಸ್ತಕ ಬಿಟ್ಟು ಓಡಿ ಬರುತ್ತಿದ್ದಳು. ನಾನು ಓಣಿಯ ಹೆಂಗಸರೆದುರು ಜಂಬ ಕೊಚ್ಚಿಕೊಂಡೆ. "ನೋಡ್ರಿ, ನಿಮ್ಮ ಮೊಮ್ಮಕ್ಕಳು ಮೊಬೈಲ್ ಮುಟ್ಟಿ ಏಳ್ತಾವ, ನನ್ನ ಮೊಮ್ಮಗಳು ನನ್ನ ಕಾಲ ಮುಟ್ಟಿ ಏಳ್ತಾಳ." ಅವಳು ಕಾಲು ಬೆಚ್ಚಗಿದೆಯೋ ತಣ್ಣಗಾಗಿದೆಯೋ ಎಂದು ನೋಡುತ್ತಿದ್ದಳು ಎಂಬುದು ನನಗೆ ಹೊಳೆಯಲಿಲ್ಲ.

ಮಳೆಗಾಲದ ಮೊದಲು ಚಿಂಚೋಳಿಯಲ್ಲಿ ನಮ್ಮ ಸಂಬಂಧಿಕರ ಮದುವೆ. ಬಿಸಿಲಲ್ಲಿ ಕೂತು ಮಿರ್ಚಿ ಭಜಿ ತಿಂದೆ. ಬಡಿಸುವವನು ಬೀಗರ ಕಡೆಯವನು, ಬೇಡ ಅಂದರೆ ಏನು ತಿಳಿದುಕೊಳ್ಳುತ್ತಾನೋ ಎಂದು ಹನ್ನೊಂದು ತಿಂದೆ. ಬಸ್ಸಿನಲ್ಲಿ ವಾಂತಿ ಶುರುವಾಗಿ ಸೇಡಂ ಬರುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಮೊಮ್ಮಗಳು ಕಾಲೇಜಿನಿಂದ ಓಡಿ ಬಂದವಳು ಮಂಚದ ಹತ್ತಿರ ಕುಸಿದು ಕೂತಳು.

"ನಾನೇ ನಿನ್ನ ಕೊಂದೆ ಆಯಿ. ನಾ ಆಣಿ ಮುರದೀನಿ. ಮತ್ತ ಮಾಡ್ಕೊಂಡೀನಿ. ಹೇಳಬೇಕಂದ್ರ ಬಾಯೇ ಬರಲಿಲ್ಲ."

"ಏ ಖೋಡಿ, ನನ್ನ ಕೊಂದಿದ್ದು ಭಜಿ" ಎಂದೆ. "ನಾ ಇನ್ನೂ ಸತ್ತಿಲ್ಲ, ನೋಡು, ಮಾತಾಡ್ಲಾಕತ್ತೀನಿ."

ನಾನು ಮಾತಾಡುತ್ತಿದ್ದರೂ ಅವಳು ನಂಬಲಿಲ್ಲ. ಅಳು ನಿಲ್ಲಲಿಲ್ಲ. ಆಗ ನನಗೆ ಒಂದೊಂದೇ ಅರ್ಥವಾಗತೊಡಗಿತು. ಇಷ್ಟು ದಿನ ಆ ಹುಡುಗಿ ತನ್ನ ನೋವಿನ ಮೇಲೆ ನನ್ನ ಹೆಣವನ್ನೂ ಹೊತ್ತು ತಿರುಗುತ್ತಿದ್ದಳು. ಹೊರಿಸಿದವಳು ನಾನು.

ಸಲಾಯಿನ್ ನೋಡಲು ಬಂದ ನರ್ಸಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಚಿತ್ತಾಪುರ ಕಡೆಯ ಹೆಣ್ಣುಮಗಳು, ನನ್ನಷ್ಟೇ ಖಡಕ್. ಮೊದಲು ಮೊಮ್ಮಗಳ ತೋಳು ನೋಡಿ ಗಾಯ ತೊಳೆದು ಪಟ್ಟಿ ಹಾಕಿದಳು. ಒಂದು ಬೈಗುಳ ಇಲ್ಲ, ಅಯ್ಯೋ ಪಾಪ ಇಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ಆಣಿ ಹಾಕ್ಸೀರಿ ಹೌದಿಲ್ರಿ? ಭಾಳ ಶಾಣ್ಯಾರಿದ್ದೀರಿ. ಮೊದಲ ಆಕಿಗಿ ಒಂದ ತ್ರಾಸ ಇತ್ತು, ನೀವು ಎರಡ ಮಾಡೀರಿ. ಆಣಿ ಹಾಕ್ಸಿದ್ರ ಬಿಡಂಗಿಲ್ರಿ ಯಾರೂ, ಮುಚ್ಚಿಡ್ತಾರ ಅಷ್ಟೇ."

"ಮತ್ತ ಏನ್ ಮಾಡಬೇಕವ್ವಾ?"

"ಕೇಳ್ರಿ. ಕೇಳಿ ಬಾಯಿ ಮುಚ್ಕೊಂಡು ಕುಂದ್ರಿ. ಸಾಯೋ ವಿಚಾರ ಬರ್ತದೇನಂತ ನೇರ ಕೇಳ್ರಿ, ಕೇಳಿದ್ರ ಇಲ್ಲದ್ದು ಹುಟ್ಟಂಗಿಲ್ಲ. ಮನಸ್ಸಿನ ಡಾಕ್ಟರ್ ಹತ್ರ ಹೋಗಾಕ ನಾ ಚೀಟಿ ಬರಸಿ ಕೊಡ್ತೀನಿ, ನೀವ ಜೋಡಿ ಹೋಗ್ರಿ."

ಮೂರನೆಯ ದಿನ ಮನೆಗೆ ಬಂದೆ. ಕೇಳುವುದಕ್ಕೆ ನನಗೆ ಧೈರ್ಯ ಸಾಲಲಿಲ್ಲ. ಇಡೀ ಓಣಿಯನ್ನು ಬೈಯುವ ಬಾಯಿ ಇದು. ಹಿಟ್ಟು ಜರಡಿ ಹಿಡಿದೆ, ಮತ್ತೆ ಅದೇ ಹಿಟ್ಟನ್ನೇ ಜರಡಿ ಹಿಡಿದೆ. ಕಡೆಗೆ ಕೇಳಿದೆ.

"ಸಾಯಬೇಕಂತ ಅನಸ್ತದೇನ?"

"ಹಂಗಲ್ಲ ಆಯಿ" ಎಂದಳು. "ಒಳಗ ಭಾಳ ಆಗ್ತದ, ಹೇಳಾಕ ಮಾತ ಸಿಗಂಗಿಲ್ಲ."

"ಯಾಕ ಆಗ್ತದ?"

"ಒಂದ ಕಾರಣ ಇದ್ರ ನನಗೂ ಚಲೋ ಇತ್ತು."

ಜೋಳದಲ್ಲಿ ಕಲ್ಲು ಆರಿಸಿದ ಹಾಗೆ ಕಾರಣ ಆರಿಸಿ ಎಸೆಯಬೇಕೆಂದು ನನ್ನ ಕೈ ತುರಿಸುತ್ತಿತ್ತು. ಸುಮ್ಮನಾದೆ. ಆಣೆಯ ಮಾತು ಮಾತ್ರ ಬಿಡಲಿಲ್ಲ. "ನಾ ಹಾಕ್ಸಿದ ಆಣಿ ಹೊಳ್ಳಿ ತಗೊಂಡೀನಿ" ಎಂದೆ.

"ಹಂಗ ಹೊಳ್ಳಿ ತಗೊಳ್ಳಾಕ ಬರ್ತದೇನ?"

"ಹಾಕ್ಸಿದಾಕಿ ನಾನು, ಬಿಡಸಾಕಿ ಮತ್ಯಾರು?"

ಮುಖ ನೋಡಿದರೆ ಅವಳಿಗೆ ಇದು ಸಾಲದು ಎಂದು ತಿಳಿಯಿತು. ಆಣೆ ಕಟ್ಟಿದ್ದು ಹೇಗೋ ಬಿಚ್ಚುವುದೂ ಹಾಗೆಯೇ ಆಗಬೇಕು. ಅವಳ ಕೈ ಹಿಡಿದು ನನ್ನ ತಲೆಯ ಮೇಲೆ ಇಟ್ಟೆ. ಈ ಸಲ ಎಳೆಯಲಿಲ್ಲ.

"ಅನ್ನು. ನಾ ಮಾಡ್ಕೊಂಡ್ರೂ ಆಯಿ ಸಾಯಂಗಿಲ್ಲ. ಆಯಿ ತನ್ನ ಟೈಮಿಗಿ ತಾ ಸಾಯ್ತಾಳ. ಇಲ್ಲಂದ್ರ ಭಜಿ ತಿಂದು ಸಾಯ್ತಾಳ."

ಭಜಿ ಎನ್ನುವಾಗ ಅವಳ ತುಟಿ ಸ್ವಲ್ಪ ಅಲುಗಿತು.

ಈಗ ಹದಿನೈದು ದಿನಕ್ಕೊಮ್ಮೆ ಇಬ್ಬರೂ ರೈಲಿನಲ್ಲಿ ಜಿಲ್ಲಾ ದವಾಖಾನೆಗೆ ಹೋಗುತ್ತೇವೆ. ಹೋಗುವಾಗ ಚಿತ್ತಾಪುರ, ವಾಡಿ, ಶಹಾಬಾದ ದಾಟುವವರೆಗೆ ಅವಳು ಕಿಟಕಿ ಬಿಡುವುದಿಲ್ಲ, ನಾನು ಎದುರಿನವರ ಬುತ್ತಿಯ ಮೇಲಿನ ಕಣ್ಣು ತೆಗೆಯುವುದಿಲ್ಲ. ವಾಡಿಯಲ್ಲಿ ಅವಳ ತಾಯಿಗೂ ಹೇಳಿದೆವು, ಮೊಮ್ಮಗಳು ಒಪ್ಪಿದ ಮೇಲೆ. ಡಾಕ್ಟರು ಅವಳ ಜೊತೆ ಬಹಳ ಹೊತ್ತು ಮಾತಾಡುತ್ತಾರೆ. ನನಗೆ ಕೊಟ್ಟ ಔಷಧ ಒಂದೇ, "ಆಯಿ, ನೀವು ಸ್ವಲ್ಪ ಕಡಿಮಿ ಮಾತಾಡ್ರಿ." ಇಷ್ಟು ಕಹಿ ಔಷಧ ನಾನು ಜನ್ಮದಲ್ಲಿ ಕುಡಿದಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ರೊಟ್ಟಿಯ ಗಡಿಬಿಡಿಯಲ್ಲಿದ್ದೆ. ಕೋಡ್ಲಾದ ಕಾರ್ಖಾನೆಗೆ ಕೆಲಸಕ್ಕೆ ಹೋಗುವವರು ಬಾಗಿಲಲ್ಲಿ ಕಾಯುತ್ತಿದ್ದರು. ಅವಳು ಒಳಗಿನಿಂದ ಬಂದು ನನ್ನ ಬೆನ್ನ ಹಿಂದೆ ನಿಂತಳು.

"ಆಯಿ, ಮತ್ತ ಹಂಗ ಅನಸ್ಲಾಕತ್ತದ. ಇನ್ನೂ ಏನೂ ಮಾಡ್ಕೊಂಡಿಲ್ಲ."

ನಾಲಿಗೆಯ ತುದಿಗೆ ಹತ್ತು ಬುದ್ಧಿಮಾತು ಬಂದವು. ಹತ್ತನ್ನೂ ನುಂಗಿ ಒಲೆ ಆರಿಸಿದೆ. ಬಾಗಿಲಲ್ಲಿ ಇದ್ದವರಿಗೆ ಇವತ್ತು ರೊಟ್ಟಿ ಇಲ್ಲ ಎಂದೆ. "ಹಿಟ್ಟ ಕಾಣಸ್ಲಾಕತ್ತದಲ್ಲ ಆಯಿ, ರೊಟ್ಟಿ ಯಾಕ ಇಲ್ಲ?" ಎಂದ ಒಬ್ಬ. "ನನ್ನ ಮರ್ಜಿ" ಎಂದು ಬಾಗಿಲು ಹಾಕಿ ಬಂದು ಅವಳ ಪಕ್ಕದಲ್ಲಿ ಕೂತೆ.

ಕೈ ತುಂಬ ಹಿಟ್ಟು ಹಾಗೇ ಒಣಗಿ ಬಿರಿಯಿತು. ತೊಳೆಯಲು ಏಳಲಿಲ್ಲ. ಅವಳು ಮಾತಾಡಿದಳು, ನಾನು ಕೇಳಿದೆ.