ಮೇಲಿನ ನಾಲ್ಕಾಣೆ

ಐವತ್ತರ ದಶಕದ ಶುರುವಿನಲ್ಲಿ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಹೆಂಗಸರಿಗೆ ದಿನಕ್ಕೆ ಎಂಟಾಣೆ ಕೂಲಿ. ನಮ್ಮ ಸಾಹುಕಾರರು ಮಾತ್ರ ಹನ್ನೆರಡಾಣೆ ಕೊಡುತ್ತಿದ್ದರು. ಊರವರೆಲ್ಲ ಅವರನ್ನು ಧರ್ಮಾತ್ಮ ಎನ್ನುತ್ತಿದ್ದರು. ಧರ್ಮವೂ ಇಲ್ಲ, ಮಣ್ಣೂ ಇಲ್ಲ. ಆ ಮೇಲಿನ ನಾಲ್ಕಾಣೆ ನನ್ನನ್ನು ಎಷ್ಟು ಹೆದರಿಸಿತ್ತು ಎಂಬುದು ನನಗೆ ಗೊತ್ತು.

ಅವರು ಯಾರನ್ನೂ ಬಯ್ಯುತ್ತಿರಲಿಲ್ಲ. ಬಯ್ಯುವ ಅಗತ್ಯವೇ ಇರಲಿಲ್ಲ. ಬೆಳಿಗ್ಗೆ ನಾವು ಒಳಗೆ ಹೋಗುವಾಗ ಬಾಗಿಲಲ್ಲಿ ನಾಲ್ಕೈದು ಹೆಂಗಸರು ಬುತ್ತಿ ಕಟ್ಟಿಕೊಂಡು ಕೂತಿರುತ್ತಿದ್ದರು, ಯಾರಾದರೂ ಬರದಿದ್ದರೆ ಆ ಜಾಗ ಸಿಕ್ಕೀತೆಂದು. ಅವರ ಮುಖ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ. ಮನೆಯಲ್ಲಿ ಗಂಡ ಕೆಮ್ಮುತ್ತಾ ಮಲಗಿದ್ದ. ಎಂಟಾಣೆಗೆ ರಾಗಿ ಬರುತ್ತಿತ್ತು, ಅವನ ಔಷಧಿ ಬರುತ್ತಿರಲಿಲ್ಲ.

ಒಂದು ರಾಟೆಗೆ ಇಬ್ಬರು ಕೂರುತ್ತಿದ್ದೆವು. ನನ್ನ ಪಕ್ಕದವಳು ಚಿಂತಾಮಣಿ ಕಡೆಯ ನಡುವಯಸ್ಸಿನ ಹೆಂಗಸು. ನನಗೆ ಕೆಲಸ ಕಲಿಸಿದವಳೇ ಅವಳು. ಕುದಿನೀರಿನಲ್ಲಿರುವ ಎಂಟು ಗೂಡುಗಳ ಎಳೆ ಸೇರಿ ಒಂದು ನೂಲಾಗಬೇಕು. ಒಂದು ಗೂಡು ಮುಗಿದ ಕೂಡಲೇ ಇನ್ನೊಂದನ್ನು ಸೇರಿಸಬೇಕು, ಇಲ್ಲದಿದ್ದರೆ ನೂಲು ತೆಳ್ಳಗಾಗುತ್ತದೆ. ಅದು ಬೆರಳಿನ ತುದಿಗೇ ತಿಳಿಯಬೇಕು. ಒಂದು ವಾರ ನನ್ನ ಬೆರಳುಗಳು ಬೆಂದು ಕೀವಾಗಿದ್ದವು. ಒಂದು ದಿನ ಮನೆಯಲ್ಲಿ ಉಳಿದರೂ ನನ್ನ ಜಾಗ ಹೋದ ಹಾಗೆಯೇ. ಅರಿಶಿನ ಮೆತ್ತಿಕೊಂಡು ಹೋಗಿ ಕೂತೆ.

ಒಮ್ಮೆ ನೋಡುತ್ತೇನೆ, ನನ್ನ ನೂಲಿಗೆ ಐದೇ ಗೂಡು. ಎಷ್ಟು ಹೊತ್ತಿನಿಂದಲೋ ದೇವರಿಗೇ ಗೊತ್ತು. ತೆಳ್ಳಗಾದಷ್ಟನ್ನು ಕಡಿದು ತೆಗೆದರೆ ಅದು ಹಾಳು ನೂಲಿನ ಬುಟ್ಟಿಯಲ್ಲಿ ಕಾಣುತ್ತದೆ, ಸಂಜೆ ಸಾಹುಕಾರರು ಆ ಬುಟ್ಟಿ ನೋಡುತ್ತಾರೆ. ಬಾಯಿ ಮುಚ್ಚಿಕೊಂಡು ಮೂರು ಗೂಡು ಸೇರಿಸಿದೆ. ಅದರ ಮೇಲೆ ಒಳ್ಳೆಯ ನೂಲು ಸುತ್ತಿಕೊಂಡಿತು. ಎರಡು ದಿನ ಯಾರೂ ಕೇಳಲಿಲ್ಲ.

ಮೂರನೆಯ ದಿನ ಸಾಹುಕಾರರು ನಮ್ಮ ರಾಟೆಯ ನೂಲಿನ ಲಡಿ ಹಿಡಿದು ಬಂದು ಎದುರಿಗೆ ನಿಂತರು.

"ಇಲ್ಲಿ ತೆಳ್ಳಗಾಗೈತೆ. ಯಾರದಮ್ಮ ಇದು?" ಎಂದು ಮೆಲ್ಲಗೆ ಕೇಳಿದರು.

ಇಬ್ಬರ ನೂಲೂ ಒಂದೇ ರಾಟೆಯಿಂದ ಇಳಿಯುತ್ತಿದ್ದುದರಿಂದ ಅವರಿಗೆ ತಿಳಿಯುವ ಹಾಗಿರಲಿಲ್ಲ. ನನಗೆ ತಿಳಿದಿತ್ತು.

"ನಂದೇ ಇರ್ಬೇಕು ಸ್ವಾಮಿ," ಅಂದಳು ಪಕ್ಕದವಳು. "ಒಂದು ವರ್ಷದಿಂದ ಕಣ್ಣು ಮಂಜಾಗೈತೆ. ಹೇಳಿದ್ರೆ ತೆಗೆದುಬಿಡ್ತೀರ ಅಂತ ಮುಚ್ಚಿಟ್ಟಿದ್ದೆ."

ನನ್ನನ್ನು ಉಳಿಸಲು ಅವಳು ಹೇಳಿದ ಸುಳ್ಳಲ್ಲ ಅದು. ತನ್ನದೇ ತಪ್ಪೆಂದು ಪಾಪ ನಿಜವಾಗಿಯೂ ನಂಬಿದ್ದಳು. ನನ್ನ ಹಾಗೆಯೇ ಅವಳೂ ದಿನವೂ ಹೆದರಿಕೊಂಡೇ ಕೂರುತ್ತಿದ್ದಳೆಂದು ಆಗ ಗೊತ್ತಾಯಿತು.

ಎಂಟಾಣೆಯ ಕೆಲಸವಾಗಿದ್ದರೆ ನನ್ನದು ಎಂದುಬಿಡುತ್ತಿದ್ದೆ. ಪಕ್ಕದ ಬೀದಿಯಲ್ಲಿ ಇನ್ನೊಂದು ರಾಟೆ, ಅಷ್ಟೇ ಕೂಲಿ, ಹೋಗಿ ಕೂರುತ್ತಿದ್ದೆ. ಹನ್ನೆರಡಾಣೆ ಎಲ್ಲಿ ಸಿಗುತ್ತಿತ್ತು? ತಲೆ ಬಗ್ಗಿಸಿಕೊಂಡು ಗೂಡು ತಿರುವುತ್ತಾ ಕೂತೆ.

ಸಾಹುಕಾರರು ಅವತ್ತಿನ ಕೂಲಿ ಪೂರ್ತಿ ಕೊಟ್ಟು ಅವಳನ್ನು ಕಳಿಸಿದರು. ಹೋಗುವ ಮುಂಚೆ ಅವಳು ನನ್ನ ಭುಜ ಮುಟ್ಟಿದಳು.

"ನನ್ನ ದೆಸೆಯಿಂದ ನಿನ್ನ ಕೆಲ್ಸಾನೂ ಹೋಗ್ತಿತ್ತು. ತಪ್ಪು ತಿಳ್ಕೋಬೇಡಮ್ಮ," ಅಂದಳು.

"ಪರವಾಗಿಲ್ಲ ಬಿಡಕ್ಕ," ಅಂದೆ. ಈ ಬಾಯಿಂದಲೇ ಅಂದೆ. ಇದಕ್ಕೆ ಹುಳ ಬೀಳಬೇಕಿತ್ತು.