ಸುನಿತಾಳ ಕೈ ತಪ್ಪಿದ ಕಿವಿ

ಪುಟ್ಟರಾಜು ಮೂರು ತಿಂಗಳಿಂದ ನನ್ನ ಅಂಗಡಿಯಿಂದ ಸನ್‌ಸ್ಕ್ರೀನ್ ಟ್ಯೂಬ್ ಒಯ್ದಿರಲಿಲ್ಲ.

ಮಂಡ್ಯದ ಪೇಟೆ ಬೀದಿಯಲ್ಲಿ ಬಳೆ, ಸೋಪು, ಪೌಡರು, ಕ್ರೀಮು ಮಾರುವ ನನಗೆ ಗಿರಾಕಿಗಳ ಸಮಾಚಾರವನ್ನು ಅವರ ಬಾಯಿಗಿಂತ ಮೊದಲು ನನ್ನ ಕಪಾಟು ಹೇಳುತ್ತದೆ. ಶಾಂಪೂ ಬಿಟ್ಟು ಸೀಗೆಪುಡಿ ಕೇಳಿದವಳ ಮನೆಗೆ ಅತ್ತೆ ಬಂದಿರುತ್ತಾಳೆ. ಐವತ್ತು ದಾಟಿದ ಗಂಡಸು ತಲೆಗೂದಲಿಗೆ ಕಪ್ಪು ಬಣ್ಣ ಕೇಳಿದರೆ ನಾನು ಏನೂ ವಿಚಾರಿಸದೆ ಎರಡು ಪ್ಯಾಕೆಟ್ ಕೊಡುತ್ತೇನೆ. ಆದರೆ ಪುಟ್ಟರಾಜುವಿನ ಟ್ಯೂಬ್ ಅಂಥ ಷೋಕಿ ಸಾಮಾನಲ್ಲ. ಅವನ ಮನೆಯಲ್ಲಿ ಅದು ಉಪ್ಪಿನ ಪಕ್ಕದಲ್ಲಿ ಇಡುವ ವಸ್ತು.

ಅವನ ಮೈಗೆ ಹುಟ್ಟಿನಿಂದಲೇ ಬಣ್ಣವಿಲ್ಲ. ತಲೆಗೂದಲು, ರೆಪ್ಪೆ ಎಲ್ಲ ತೆಂಗಿನ ನಾರಿನ ಹಾಗೆ. ಯಲಿಯೂರಿನ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಬೋರ್ಡಿನ ಅಕ್ಷರ ಅವನಿಗೆ ಕಾಣುತ್ತಿರಲಿಲ್ಲ, ನಾನು ಓದಿ ಹೇಳುತ್ತಿದ್ದೆ. ನಾನು ತಪ್ಪು ಓದುತ್ತಿದ್ದೆ, ಆದ್ದರಿಂದ ಇಬ್ಬರೂ ಒಟ್ಟಿಗೆ ಫೇಲಾದೆವು. ಊರು ಅವನಿಗೆ ‘ದೊರೆ’ ಎಂದು ಹೆಸರಿಟ್ಟಿತು. ಲಂಡನ್ನಿಂದ ಯಾವಾಗ ಬಂದೆ ಎಂದು ಯಾರಾದರೂ ಕೆಣಕಿದರೆ, ರೈಲು ಲೇಟಾಯ್ತು ಎನ್ನುತ್ತಿದ್ದ.

ಈಗ ಅವನದು ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂಲಿ. ಹೊಸ ತಳಿಯ ಭತ್ತ ಕಾಳು ಕಟ್ಟುವಾಗ ಮಡಿಗಳಿಗೆ ಹಕ್ಕಿ ಬೀಳದಂತೆ ಕಾಯಬೇಕು. ಕಣ್ಣು ಮಂದವಾದವನಿಗೆ ಹಕ್ಕಿ ಕಾಯುವ ಕೆಲಸ ಕೊಟ್ಟವರು ಯಾರಪ್ಪ ಎಂದು ನಾನೂ ನಕ್ಕಿದ್ದೆ. ಒಂದು ದಿನ ಹೋಗಿ ನೋಡಿದೆ. ನನಗೆ ಬರೀ ಆಕಾಶ ಕಾಣುತ್ತಿದ್ದಾಗಲೇ ಅವನು ಕತ್ತು ಓರೆ ಮಾಡಿ, ಗೀಜಗ ಬಂದವು ಎಂದು ತಗಡು ಬಡಿದ. ಆಮೇಲೆ ನನಗೆ ಹಿಂಡು ಕಂಡಿತು. ಅವನ ಅನ್ನ ಹುಟ್ಟುತ್ತಿದ್ದದ್ದು ಕಿವಿಯಿಂದ.

ನೆತ್ತಿ ಮೇಲೆ ಬಿಸಿಲು, ಕಾಲ ಕೆಳಗೆ ನೀರಿನಿಂದ ಏಳುವ ಬಿಸಿಲು. ಆ ಚರ್ಮಕ್ಕೆ ಟೋಪಿ, ತುಂಬುತೋಳಿನ ಅಂಗಿ, ಮೇಲೊಂದು ಟ್ಯೂಬ್ ಬೇಕೇ ಬೇಕು. ಮುಖಕ್ಕೆ, ಕೈಗೆ ಅವನೇ ಹಚ್ಚಿಕೊಳ್ಳುತ್ತಿದ್ದ. ಕತ್ತಿನ ಹಿಂಭಾಗ ಮತ್ತು ಕಿವಿ ಮಾತ್ರ ಸುನಿತಾಳದು. ಮಳವಳ್ಳಿ ಕಡೆಯಿಂದ ಮದುವೆಯಾಗಿ ಬಂದ ಏಳು ವರ್ಷವೂ ದಿನಾ ಬೆಳಿಗ್ಗೆ ಗಂಡನನ್ನು ಜಗುಲಿಯ ಮೇಲೆ ಕೂರಿಸಿ, ಕಿವಿಯ ಅಂಚಿನವರೆಗೂ ಬಿಡದೆ ತಿಕ್ಕಿ ಕಳಿಸುತ್ತಿದ್ದಳು.

ಅಂಥವನು ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಬಂದ. ತಲೆಗೆ ಟವಲು ಸುತ್ತಿದ್ದ, ಎರಡು ಕಿವಿಯೂ ಮುಚ್ಚುವ ಹಾಗೆ. ಸುನಿತಾಳಿಗೆ ಆರು ತಿಂಗಳು, ಏಳರಲ್ಲಿ ಬಳೆ ತೊಡಿಸುವ ಶಾಸ್ತ್ರ, ಹಸಿರು ಗಾಜಿನ ಬಳೆ ಬೇಕು ಎಂದ. ಬಳೆ ತೆಗೆಯುತ್ತಾ ಟ್ಯೂಬ್ ಎಲ್ಲಿ ಕೊಳ್ಳುತ್ತಿದ್ದೀಯ ಎಂದೆ. ಮದ್ದೂರಲ್ಲಿ ಎಂದ. ಬೇರೆ ಅಂಗಡಿಗೆ ಹೋಗುವ ಗಿರಾಕಿ ನನ್ನ ಮುಖ ನೋಡಿ ಸುಳ್ಳು ಹೇಳುತ್ತಾನೆ. ಇವನು ಬಳೆ ನೋಡಿ ಹೇಳಿದ. ಮದುಮಗಳ ಮುಸುಕು ತೆಗೀಲಾ ಎಂದು ನಾನು ತಮಾಷೆಗೆ ಟವಲು ಎಳೆದೆ.

ಟವಲು ಬರಲಿಲ್ಲ. ಬಲಗಿವಿಗೆ ಅಂಟಿಕೊಂಡಿತ್ತು. ಬಿಡಿಸಿದಾಗ ಕಿವಿಯ ಮೇಲಂಚಿನಲ್ಲಿ ಹುಣಸೆ ಬೀಜದಷ್ಟು ಹಕ್ಕಳೆ ಕಿತ್ತು ರಕ್ತ ಜಿನುಗಿತು.

“ಎಷ್ಟು ದಿನ ಆಯ್ತ್ಲಾ ಇದು?”

“ಟೋಪಿ ಉಜ್ಜಿ ಗಾಯ ಕಣ್ಲಾ. ಒಣಗ್ತದೆ, ತಿರ್ಗ ಬತ್ತದೆ.”

“ಸುನಿತಾ ನೋಡವ್ಳಾ?”

ಅವನು ಬಾಗಿಲ ಕಡೆ ತಿರುಗಿದ. ನಾನು ಬಳೆಗಳನ್ನು ಎತ್ತಿ ಹಿಂದಿಟ್ಟುಕೊಂಡೆ. ಅವು ಇಲ್ಲದೆ ಅವನು ಮನೆಗೆ ಹೋಗುವಂತಿರಲಿಲ್ಲ, ಕೂತು ಹೇಳಿದ.

ಸಂಕ್ರಾಂತಿ ಹೊತ್ತಿಗೆ ಫಾರಂನಲ್ಲಿ ಯಾರೋ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ್ದರು. ಸನ್‌ಸ್ಕ್ರೀನಿನ ಕೆಮಿಕಲ್ ಚರ್ಮ ದಾಟಿ ರಕ್ತಕ್ಕೆ ಇಳಿಯುತ್ತದೆ, ಹೊಟ್ಟೆಯಲ್ಲಿರುವ ಕೂಸನ್ನೂ ಮುಟ್ಟುತ್ತದೆ ಎಂದು ಅದರಲ್ಲಿ ಒಬ್ಬ ಕೈ ಬೀಸಿ ಹೇಳಿದ್ದ. ವಿಡಿಯೋದಲ್ಲಿ ಬಂದ ಆಕ್ಸಿಬೆನ್ಜೋನ್ ಎಂಬ ಹೆಸರು ಇವನ ಟ್ಯೂಬಿನ ಬೆನ್ನ ಮೇಲೂ ಇತ್ತು. ಸುನಿತಾಳಿಗೆ ಆಗ ಮೂರು ತಿಂಗಳು. ದಿನಾ ಬರಿಗೈಯಲ್ಲಿ ತಿಕ್ಕುವವಳು ಅವಳು.

ಫಾರಂನ ಮಡಿಗೆ ಔಷಧಿ ಹೊಡೆದರೆ ಕೆಂಪು ಬಾವುಟ ನೆಡುತ್ತಾರೆ. ಕೊಯ್ಲಿಗೆ ಇಂತಿಷ್ಟು ದಿನ ಇದೆ ಎನ್ನುವಾಗ ಹೊಡೆಯುವುದನ್ನೇ ನಿಲ್ಲಿಸುತ್ತಾರೆ. ಹತ್ತು ವರ್ಷ ಆ ಬಾವುಟಗಳ ನಡುವೆ ಓಡಾಡಿದ ಪುಟ್ಟರಾಜು ಮನೆಯಲ್ಲೂ ಅದೇ ಕಾನೂನು ಮಾಡಿದ.

“ಕಾಳು ಕಟ್ಟೋ ಒತ್ನಲ್ಲಿ ಔಸ್ದಿ ಒಡಿಯಲ್ಲ ಕಣ್ಲಾ. ಏಳು ವರ್ಸುಕ್ಕೆ ಕಟ್ಟದೆ. ಅವ್ಳು ಎರ್ಗೆಗೆ ಮಳವಳ್ಳಿಗೆ ಓಗ್ಲಿ, ಆಮೇಕೆ ಅಚ್ಕತೀನಿ.”

ಹೆಂಡತಿಗೆ ಮಾತ್ರ, ಫಾರಂನವರೇ ಕ್ರೀಮು ಕೊಡುತ್ತಾರೆ, ಅಲ್ಲೇ ಹಚ್ಚಿಕೊಳ್ಳುತ್ತೇನೆ ಎಂದು ಹೇಳಿದ್ದ. ಅವಳು ನಂಬಿದ್ದಳು. ಗಾಯವಾದ ಮೇಲೆ ಮನೆಯಲ್ಲೂ ತಲೆಯ ಟವಲು ಬಿಚ್ಚುತ್ತಿರಲಿಲ್ಲ, ತಲೆನೋವು ಎನ್ನುತ್ತಿದ್ದ.

ಅವನು ಹೋದ ಮೇಲೆ ಒಂದು ಟ್ಯೂಬ್ ತೆಗೆದು ಓದಿದೆ. ಹದಿನೈದು ವರ್ಷದಿಂದ ಮಾರುತ್ತಿದ್ದೇನೆ; ಬೆಲೆ, ತಾರೀಕು ಬಿಟ್ಟು ಬೇರೇನೂ ಓದಿದವನಲ್ಲ. ಹೆಸರು ಇತ್ತು. ಅದು ಏನು ಮಾಡುತ್ತದೆ ಎಂದು ಹೇಳಲು ನನಗೂ ತಿಳಿಯದು, ಇದು ಒಳ್ಳೆಯದು ಎಂದು ಮಾತ್ರ ಸಾವಿರ ಜನಕ್ಕೆ ಹೇಳಿದ್ದೇನೆ.

ಮರುದಿನ ಅವನನ್ನು ಚರ್ಮದ ಡಾಕ್ಟರ್ ವೀಣ ಅವರ ಹತ್ತಿರ ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಆಕೆ ಭೂತಗನ್ನಡಿ ಹಿಡಿದು ಕಿವಿ ನೋಡಿದರು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಕಾಯಬೇಕು, ಕ್ಯಾನ್ಸರೂ ಇರಬಹುದು ಎಂದರು. ಪುಟ್ಟರಾಜು ಹೊರಗೆ ಬಂದು, ಕಿವಿ ಹೋದರೆ ಹಕ್ಕಿ ಕಾಯುವುದು ಹೇಗೆ ಎಂದು ಕೇಳಿದ. ಕೂಸಿನ ಮಾತು ಆಡಲೇ ಇಲ್ಲ. ಸುನಿತಾಳಿಗೆ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡ. ಮಾತು, ಸಾಲ ಎರಡನ್ನೂ ಕಷ್ಟಪಟ್ಟು ಕೊಡುವವನು ನಾನು, ಅವತ್ತು ಬೇಗ ಕೊಟ್ಟುಬಿಟ್ಟೆ.

ಎಂಟನೇ ದಿನ ಬಳೆಶಾಸ್ತ್ರ. ಬಳೆ ತೊಡಿಸಲು ನಾನೇ ಯಲಿಯೂರಿಗೆ ಹೋದೆ. ಅವನ ತಾಯಿ ಪಟ್ಟಲಮ್ಮ ಮಡಿಲಕ್ಕಿ ಜೋಡಿಸುತ್ತಿದ್ದಳು. ಪುಟ್ಟರಾಜು ಟವಲು ಸುತ್ತಿ ಮೂಲೆ ಹಿಡಿದಿದ್ದ. ಎರಡೂ ಕೈಗೆ ಬಳೆ ಏರಿದ ಮೇಲೆ ಸುನಿತಾ ಎದ್ದು ನೇರ ಅವನ ಹತ್ತಿರ ಹೋದಳು. ಶಾಸ್ತ್ರದ ದಿನವೂ ತಲೆಗೆ ಈ ಒರೆಸುವ ಬಟ್ಟೆಯಾ ಎಂದು ಟವಲಿಗೆ ಕೈ ಹಾಕಿದಳು. ಅವನು ಹಿಂದಕ್ಕೆ ಸರಿದ. ಗಂಡನ ಕತ್ತನ್ನು ಏಳು ವರ್ಷ ಹಿಡಿದ ಕೈ ಅದು, ಬಿಡಲಿಲ್ಲ. ಬ್ಯಾಂಡೇಜು ಕಂಡಿತು.

ನಾನು ಪೆಟ್ಟಿಗೆ ಕಟ್ಟಲು ನೋಡಿದೆ.

“ಕೂತ್ಕಳಣ್ಣ, ನಿಂಗೂ ಗೊತ್ತಿತ್ತು ಅಂತ ಮಕ ಏಳ್ತಾ ಅದೆ,” ಎಂದಳು ಸುನಿತಾ.

ಕೂತೆ. ಪುಟ್ಟರಾಜು ತಡವರಿಸುತ್ತಾ ವಿಡಿಯೋ, ಬಾವುಟ, ಕಾಳು ಎಲ್ಲ ಹೇಳಿದ. ಅವಳು ಅಳಲಿಲ್ಲ.

“ಗದ್ದೆಗೆ ಔಸ್ದಿ ನಿಲ್ಸುದ್ರೆ ಗದ್ದೆ ನೋಡೋದೂ ನಿಲ್ಸಾರಾ? ನನ್ ಕೈಗೆ ಅಂಟ್ತದೆ ಅಂದಿದ್ರೆ ಕೈ ಕವರ್ ಆಕ್ಕತಿದ್ದೆ. ಕಿವಿ ಯಾಕೆ ಮುಚ್ಚಿಕ್ಕಂಡ್ರಿ?”

ಎರಡು ದಿನ ಅವಳು ಅವನೊಂದಿಗೆ ಮಾತಾಡಲಿಲ್ಲವಂತೆ, ಆದರೆ ಮೂರು ಹೊತ್ತೂ ಕಿವಿ ತೊಳೆದು ಬಟ್ಟೆ ಕಟ್ಟಿದಳಂತೆ.

ಹತ್ತನೇ ದಿನ ಮೂವರೂ ಡಾಕ್ಟರ ಎದುರು ಕೂತೆವು. ಕ್ಯಾನ್ಸರ್ ಎಂದೇ ಬಂದಿತ್ತು. ಹರಡಿದ ಹಾಗೆ ಕಾಣುವುದಿಲ್ಲ, ಕಿವಿಯ ಮೇಲ್ಭಾಗ ಕತ್ತರಿಸಬೇಕು, ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದೆಯೇ ಎಂದು ಮತ್ತೆ ಪರೀಕ್ಷೆ ಮಾಡಬೇಕು ಎಂದರು. ಆಮೇಲೂ ಕೇಳಿಸುತ್ತದಾ ಎಂದು ಪುಟ್ಟರಾಜು ಕೇಳಿದ. ಕೇಳುವ ಯಂತ್ರ ಒಳಗಿದೆ, ಅದಕ್ಕೇನೂ ಆಗುವುದಿಲ್ಲ ಎಂದರು.

ಸುನಿತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮೂರು ತಿಂಗಳು ಕ್ರೀಮು ಬಿಟ್ಟಿದ್ದಕ್ಕೇ ಇದು ಬಂತಾ ಎಂದಳು.

“ಇಲ್ಲ. ಇದು ಚಿಕ್ಕಂದಿನಿಂದ ಬಿದ್ದ ಬಿಸಿಲು. ಆದರೆ ದಿನಾ ನೀವು ಕೈಯಾಡಿಸುತ್ತಿದ್ದಿದ್ದರೆ ಇನ್ನೂ ಸಣ್ಣದಿದ್ದಾಗಲೇ ಸಿಗುತ್ತಿತ್ತು,” ಎಂದರು ವೀಣ.

ಹಾಗಾದರೆ ವಿಡಿಯೋದಲ್ಲಿ ಹೇಳಿದ್ದು ಸುಳ್ಳಾ ಎಂದು ನಾನು ಕೇಳಿದೆ. ನನಗೂ ಅಂಗಡಿ ಇದೆಯಲ್ಲ.

“ಅರ್ಧ ನಿಜ. ಅಂಥ ಕೆಲವು ಕೆಮಿಕಲ್ ರಕ್ತಕ್ಕೆ ಹೋಗುತ್ತವೆ. ಅದರಿಂದ ಕೂಸಿಗೆ ಕೆಡುಕಾಗುತ್ತೆ ಅಂತ ಯಾರೂ ಖಚಿತವಾಗಿ ತೋರಿಸಿಲ್ಲ. ಏನೂ ಆಗೋದೇ ಇಲ್ಲ ಅಂತ ಬರೆದುಕೊಡೋಕೂ ಆಗಲ್ಲ, ಇನ್ನೂ ಪರೀಕ್ಷೆ ನಡೀತಿದೆ. ಭಯ ಇದ್ದರೆ ಜಿಂಕ್ ಇರೋದು ಹಚ್ಚಿ, ಅದು ಬಹುಪಾಲು ಚರ್ಮದ ಮೇಲೇ ಕೂರುತ್ತೆ. ಹಚ್ಚದೆ ಮಾತ್ರ ಬಿಸಿಲಿಗೆ ಹೋಗಬೇಡಿ.”

ಕಿವಿ ಕತ್ತರಿಸಿದರು. ಅಂಚಿನ ಪರೀಕ್ಷೆಗೆ ಮತ್ತೆ ಹತ್ತು ದಿನ. ಸುನಿತಾ ತವರಿಗೆ ಹೊರಡಲಿಲ್ಲ. ತಾಯಿಯೇ ಮಳವಳ್ಳಿಯಿಂದ ಇಲ್ಲಿಗೆ ಬರಲಿ, ಇವರ ಕಿವಿ ಯಾರು ನೋಡುತ್ತಾರೆ ಎಂದಳು. ಚೊಚ್ಚಲ ಹೆರಿಗೆ ಗಂಡನ ಮನೆಯಲ್ಲಾ ಎಂದು ಪಟ್ಟಲಮ್ಮ ಗೊಣಗಿದಳಂತೆ, ಸೊಸೆ ಕೇಳಿಸಿಕೊಳ್ಳಲಿಲ್ಲ.

ಕೊನೆಗೆ ಅಂಚು ಶುದ್ಧವಾಗಿದೆ ಎಂದು ರಿಪೋರ್ಟು ಬಂತು. ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು ಎಂದರು. ಆಸ್ಪತ್ರೆಯಿಂದ ಇಬ್ಬರೂ ಸೀದಾ ಅಂಗಡಿಗೆ ಬಂದರು.

ನನ್ನಲ್ಲಿ ಜಿಂಕ್ ಕ್ರೀಮಿನ ಟ್ಯೂಬು ಒಂದು ಡಬ್ಬ ಪೂರ್ತಿ ಇತ್ತು. ಹಚ್ಚಿದರೆ ಮುಖ ವಿಭೂತಿ ಬಳಿದ ಹಾಗಾಗುತ್ತದೆ ಎಂದು ಕೊಂಡವರೆಲ್ಲ ವಾಪಸು ತಂದಿದ್ದರು. ಆ ದೋಷ ಯಾರಿಗೂ ಕಾಣದ ಗಿರಾಕಿ ಮಂಡ್ಯದಲ್ಲಿ ಇವನೊಬ್ಬನೇ ಎಂದೆ. ಅದಕ್ಕೇ ದುಪ್ಪಟ್ಟು ಬೆಲೆ ಹಾಕಬೇಡ ಎಂದ ದೊರೆ.

ಸುನಿತಾ ಟ್ಯೂಬಿನ ಬೆನ್ನನ್ನು ನನ್ನಿಂದ ಪೂರ್ತಿ ಓದಿಸಿದಳು. ಈ ಸಲ ತಪ್ಪಿಲ್ಲದೆ ಓದಿದೆ. ಆಮೇಲೆ ಅವನನ್ನು ಗಿರಾಕಿಗಳ ಬೆಂಚಿನ ಮೇಲೆ ಕೂರಿಸಿ, ಹೊಲಿಗೆಯ ಗೆರೆ ಬಿಟ್ಟು ಸುತ್ತಲೂ ಕ್ರೀಮು ಹಚ್ಚಿ, ಮೋಟು ಕಿವಿಯ ಹಿಂದಕ್ಕೆ ಬೆರಳು ತಂದು ನಿಧಾನವಾಗಿ ತಡವಿ ನೋಡಿದಳು. ಹಸಿರು ಬಳೆಗಳು ಅವನ ಕಿವಿಯ ಪಕ್ಕದಲ್ಲೇ ಕಿಣಿಕಿಣಿ ಎಂದವು. ಪುಟ್ಟರಾಜು ಗದ್ದೆಯಲ್ಲಿ ಮಾಡುವ ಹಾಗೆ ಕತ್ತು ಓರೆ ಮಾಡಿದ.

“ಅಲ್ಲಾಡ್ಬೇಡಿ,” ಎಂದಳು ಅವಳು.